ಅಪ್ಪನಿಗಿಂತ ಎರಡು ಸಾವಿರ ಕಡಿಮೆ

ಫೋನು ಬಂದಾಗ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಕೈ ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ನನಗೆ ಕಣ್ಸನ್ನೆ ಮಾಡಿದಳು. ನಾನು ಸ್ಪೀಕರ್ ಹಾಕಿ ಅವಳ ಬಾಯಿಯ ಹತ್ತಿರ ಹಿಡಿದೆ. ಊರಿನ ಆ ತುದಿಯಲ್ಲಿ ಹೊಸದಾಗಿ ತೆರೆದ ದೊಡ್ಡ ಡಯಾಲಿಸಿಸ್ ಸೆಂಟರಿನಿಂದ ಯಾರೋ ಹೆಣ್ಣುಮಗಳು. ನಿಮ್ಮ ಕೆಲಸದ ಬಗ್ಗೆ ಕೇಳಿದ್ದೇವೆ, ಹಿರಿಯ ಟೆಕ್ನಿಷಿಯನ್ ಜಾಗ ಖಾಲಿ ಇದೆ, ಒಮ್ಮೆ ಬಂದು ಮಾತಾಡಿ ಎಂದಳು. ಅಮ್ಮನ ಮುಖ ಅರಳಿತು. ಅಷ್ಟರಲ್ಲಿ ಆಕೆ ಕೇಳಿದಳು, "ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಾ ಮೇಡಂ?"

ಅಮ್ಮನ ಚಾಕು ನಿಂತಿತು.

"ಮನೇಲಿ ಕೇಳಿ ಹೇಳ್ತೀನಿ," ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷಗಳಿಂದ ಜನರ ರಕ್ತವನ್ನು ಮೈಯಿಂದ ಹೊರಗೆ ತೆಗೆದು, ಶುದ್ಧ ಮಾಡಿ, ಒಂದು ಹನಿ ಚೆಲ್ಲದೆ ವಾಪಸು ಒಳಗೆ ಕಳಿಸುವ ಹೆಂಗಸು, ತನಗೆ ಎಷ್ಟು ಕೊಡಬೇಕು ಅಂತ ಮನೆಯಲ್ಲಿ ಕೇಳಬೇಕಂತೆ! ಮನೆ ಅಂದರೆ ಯಾರು? ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಅಪ್ಪ, ಪಿಂಚಣಿಯಲ್ಲಿರುವ ಅಜ್ಜಿ, ಕಾಲೇಜಿನ ಕೊನೆಯ ವರ್ಷದಲ್ಲಿ ಒದ್ದಾಡುತ್ತಿದ್ದ ನಾನು. ಇದರಲ್ಲಿ ಯಾರಿಗೆ ಡಯಾಲಿಸಿಸ್ ಮೆಷಿನ್ನಿನ ಹಿಂದು ಮುಂದು ಗೊತ್ತು?

ಆದರೆ ಅಮ್ಮ ಕೇಳುವುದಕ್ಕೂ ಒಂದು ಕಾರಣ ಇತ್ತು. ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಹುಚ್ಚರ ಸಂತೆಯ ಹಾಗೆ ಕಾಣುತ್ತದೆ. ಮದುವೆಯಾದ ಹೊಸತರಲ್ಲಿ ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು, ಇಬ್ಬರೂ ಸುಸ್ತಾಗಿ ಬರುತ್ತಿದ್ದರು, ಅಡುಗೆಮನೆಗೆ ಹೋಗುವವರು ಯಾರು ಎಂದು ದಿನಾ ಜಗಳ. ಒಂದು ದಿನ ಅಪ್ಪನೇ ತೀರ್ಪು ಕೊಟ್ಟ. ಸಂಬಳ ಕಡಿಮೆ ತರುವವರಿಗೆ ಅಡುಗೆಮನೆ, ಜಾಸ್ತಿ ತರುವವರಿಗೆ ಅಂಗಡಿ, ಬಿಲ್ಲು, ಗ್ಯಾಸು. ಗಂಡು ಹೆಣ್ಣು ಅನ್ನುವ ಮಾತೇ ಇಲ್ಲ, ಬರೀ ಲೆಕ್ಕ. ಅಮ್ಮ ಕಣ್ಣು ಮುಚ್ಚಿ ಒಪ್ಪಿದಳು. ಆಗ ಇಬ್ಬರ ಸಂಬಳಕ್ಕೂ ಇದ್ದ ಅಂತರ ಒಂದು ಜೊತೆ ಚಪ್ಪಲಿಯ ಬೆಲೆಯಷ್ಟು, ಮುಂದಿನ ವರ್ಷ ದಾಟಿಯೇ ಬಿಡುತ್ತೇನೆ ಎಂದುಕೊಂಡಿದ್ದಳು. ಮುಂದಿನ ವರ್ಷ ನಾನು ಹುಟ್ಟಿದೆ. ಅವಳು ಕೆಲಸ ಬಿಟ್ಟಳು, ಮತ್ತೆ ಸೇರುವಾಗ ಕೆಳಗಿನಿಂದ ಶುರುಮಾಡಬೇಕಾಯಿತು. ಅಲ್ಲಿಂದ ಅಡುಗೆಮನೆ ಅವಳದೇ.

ವರ್ಷಕ್ಕೊಮ್ಮೆ, ಸಂಬಳ ಏರುವ ತಿಂಗಳಲ್ಲಿ, ಇಬ್ಬರೂ ಊಟಕ್ಕೆ ಕೂತು ತಮ್ಮ ತಮ್ಮ ಸಂಬಳವನ್ನು ಬಾಯಿಬಿಟ್ಟು ಹೇಳಬೇಕು. ಅದಕ್ಕೆ 'ಹರಾಜು' ಎಂದು ಹೆಸರಿಟ್ಟವಳು ಅಜ್ಜಿ. ಕಳೆದ ಹರಾಜಿನಲ್ಲಿ ಅಮ್ಮ ಮೂವತ್ತೊಂದು ಸಾವಿರ ಅಂದಿದ್ದಳು. ಅಪ್ಪ ಎದೆ ಸೆಟೆಸಿ ನಲವತ್ತೆರಡು ಅಂದಿದ್ದ.

ಆ ರಾತ್ರಿ ಬೇಳೆ ಬಡಿಸುತ್ತಾ ಅಮ್ಮ ವಿಷಯ ತೆಗೆದಳು. "ಹೊಸ ಸೆಂಟರಿನವರು ಕರೀತಿದ್ದಾರೆ. ಎಷ್ಟು ಕೇಳ್ತೀರಾ ಅಂತಾರೆ."

"ಅರವತ್ತು ಕೇಳು," ಎಂದಳು ಅಜ್ಜಿ, ಅನ್ನವನ್ನು ನುಣ್ಣಗೆ ಕಿವುಚುತ್ತಾ.

ಅಪ್ಪನಿಗೆ ಕೆಮ್ಮು ಬಂತು. "ಅಮ್ಮಾ, ಅರವತ್ತು ಅಂದ್ರೆ ಅಲ್ಲಿ ಡಾಕ್ಟರಿಗೇ ಸಿಗುತ್ತೋ ಇಲ್ವೋ."

"ಅದು ಡಾಕ್ಟರ ತಲೆನೋವು. ನಮ್ಮವಳದ್ದು ನಾವು ಕೇಳೋಣ."

ನಾನು ಅಜ್ಜಿಯ ಮುಖವನ್ನೇ ನೋಡಿದೆ. ಅಮ್ಮ ಒಂದು ಟವೆಲ್ ಕೊಂಡು ತಂದರೂ ಬೆಲೆ ಕೇಳಿ ಮೂಗು ಮುರಿಯುವವಳು ಈ ಅಜ್ಜಿ. ಸೊಸೆಯ ಪರವಾಗಿ ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನಂತೂ ಕಂಡಿರಲಿಲ್ಲ.

"ನೋಡು," ಎಂದ ಅಪ್ಪ, ಅಮ್ಮನ ಕಡೆ ತಿರುಗಿ. "ನಿಂತ ಗಾಡಿಗೆ ಒಮ್ಮೆಗೇ ಟಾಪ್ ಗೇರ್ ಹಾಕಿದ್ರೆ ಆಫ್ ಆಗುತ್ತೆ. ಈಗ ಮೂವತ್ತೊಂದು. ನಲವತ್ತು ಅಂದ್ರೆ ಚೆನ್ನಾಗೇ ಆಯ್ತಲ್ಲ."

"ಅದ್ಹೇಗಪ್ಪಾ, ಸರಿಯಾಗಿ ನಿನಗಿಂತ ಎರಡು ಕಡಿಮೆ ಬಂತು?" ಎಂದೆ ನಾನು.

"ಬಂದ್ಳು ನೋಡು ಲಾಯರಮ್ಮ."

ಮೇಜಿನ ಕೆಳಗೆ ಅವನ ಕಾಲು ನೆಲವನ್ನು ಒತ್ತಿತು. ಕಲಿಯುವವರ ಪಕ್ಕ ಕೂತು ತನ್ನ ಕಡೆಯ ಬ್ರೇಕು ಒತ್ತಿ ಒತ್ತಿ ಅವನಿಗೆ ಅದೊಂದು ಚಟವೇ ಆಗಿತ್ತು. ಮಾತು ಬೇಡದ ಕಡೆ ತಿರುಗಿದರೆ ಊಟಕ್ಕೆ ಕೂತಲ್ಲೂ ಒತ್ತುತ್ತಿದ್ದ. ಅಮ್ಮ ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುವಾರ ಅವಳು ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಡಲು ನಾನೇ ಹೋದೆ. ಅವಳು ಕೆಲಸ ಮಾಡುವ ನರ್ಸಿಂಗ್ ಹೋಮಿನ ನೆಲಮಾಳಿಗೆಯಲ್ಲಿ ಆರು ಮೆಷಿನ್ನುಗಳು, ಆರು ಹಾಸಿಗೆಗಳು, ಬೆನ್ನುಹುರಿ ಕೊರೆಯುವ ಏಸಿ. ಒಬ್ಬ ಮುದುಕರ ತೋಳಿನ ಮೇಲೆ ಅಮ್ಮ ಎರಡು ಬೆರಳಿಟ್ಟು, ಒಳಗಿನ ಮಿಡಿತ ಕೇಳುವವಳ ಹಾಗೆ ತಲೆ ವಾಲಿಸಿ, ಸೂಜಿ ಹಾಕಿದಳು. ಮುದುಕರು ಪೇಪರ್ ಓದುವುದನ್ನೂ ನಿಲ್ಲಿಸಲಿಲ್ಲ.

"ನಿಮ್ಮಮ್ಮ ರಜಾ ಹಾಕಿದ ದಿನ ನನ್ನ ಕೈ ನೋಡಬೇಕು ನೀನು, ಬದನೆಕಾಯಿ ಆಗಿರುತ್ತೆ," ಎಂದರು ನನಗೆ.

ಅಷ್ಟರಲ್ಲಿ ಮೂಲೆಯ ಹಾಸಿಗೆಯಲ್ಲಿದ್ದ ಹೆಂಗಸು ಆಕಳಿಸಿದಳು. ಆಕಳಿಸಿದ್ದು ಅಷ್ಟೇ. ಅಮ್ಮ ಓಡಿದಳು. ಹಾಸಿಗೆಯ ತಲೆಭಾಗ ಇಳಿಸಿ, ಕಾಲು ಮೇಲೆತ್ತಿ, ಮೆಷಿನ್ನಿನ ಎರಡು ಗುಂಡಿ ಒತ್ತಿ, ಸಲೈನ್ ಬಿಟ್ಟಳು. ಬಿಪಿ ಬಿದ್ದಿತ್ತಂತೆ. ಅದು ಏರುವವರೆಗೆ ಆಕೆಯ ಕೆನ್ನೆ ತಟ್ಟುತ್ತಾ, "ಏನಡುಗೆ ಮಾಡಿದ್ರಿ ಬೆಳಿಗ್ಗೆ? ಹೇಳಿ, ಹೇಳಿ," ಎಂದು ಮಾತಾಡಿಸುತ್ತಲೇ ಇದ್ದಳು. ಆ ದಿನ ಅವಳು ಊಟದ ಡಬ್ಬಿ ತೆಗೆದದ್ದು ಸಂಜೆ.

ನಾನು ಕಾದಿದ್ದು ಇಬ್ಬರೂ ಮನೆಗೆ ಹೊರಟಾಗ ಬಸ್ ಸ್ಟಾಪಿನಲ್ಲಿ ನರ್ಸಕ್ಕ ಸಿಕ್ಕಳು. ಅಮ್ಮನ ಜೊತೆಗೇ ಕೆಲಸ ಮಾಡುತ್ತಿದ್ದು, ಈಗ ಆ ಹೊಸ ಸೆಂಟರಿಗೆ ಸೇರಿದವಳು. ಅಮ್ಮನ ಹೆಸರು ಅಲ್ಲಿ ಹೇಳಿದ್ದೂ ಅವಳೇ.

"ಐವತ್ತರ ಕೆಳಗೆ ಬಾಯಿ ಬಿಡಬೇಡ, ಹೇಳಿದ್ದೀನಿ," ಎಂದಳು ನರ್ಸಕ್ಕ. "ಕೊಡ್ತಾರೆ. ಅವರಿಗೆ ಜನ ಸಿಗ್ತಿಲ್ಲ. ನೀನು ಕಡಿಮೆಗೆ ಬಂದ್ಯೋ, ನಾಳೆ ನಾವು ಹೆಚ್ಚು ಕೇಳೋಕೆ ಹೋದ್ರೆ ನಿನ್ನನ್ನೇ ತೋರಿಸ್ತಾರೆ."

"ಐವತ್ತು ಅಂದ್ರೆ ನಮ್ಮನೆಯವರಿಗಿಂತ ಎಂಟು ಜಾಸ್ತಿ ಆಗುತ್ತಲ್ಲೇ."

"ಆಗ್ಲಿ ಬಿಡು. ಸಂಬಳ ತಗೊಳ್ಳೋಕೆ ಹೋಗ್ತಿದ್ದೀಯೋ, ಅವರ ಜೊತೆ ಎತ್ತರ ಅಳೆಸಿಕೊಳ್ಳೋಕೋ?"

ಅಮ್ಮ ನಕ್ಕಳು. ಬಸ್ಸಿನಲ್ಲಿ ಕೂತಮೇಲೆ ಆ ನಗು ಉಳಿಯಲಿಲ್ಲ.

"ಐವತ್ತೇ ಕೇಳಮ್ಮಾ," ಎಂದೆ.

"ನಿಂಗೆ ನೆನಪಿಲ್ಲ, ಚಿಕ್ಕವಳಿದ್ದೆ. ಒಂದು ಸಲ ಹರಾಜಲ್ಲಿ ನಂದು ಅವರದಕ್ಕೆ ಹತ್ತಿರ ಬಂತು. ದಾಟ್ಲಿಲ್ಲ, ಹತ್ತಿರ ಬಂತು ಅಷ್ಟೆ. ತಿಂಗಳಿಡೀ ಮುಖ ಊದಿಸಿಕೊಂಡು ಓಡಾಡಿದ್ರು. ಟೀ ಕೊಟ್ರೆ ಆರಿದ ಮೇಲೆ ಕುಡಿಯೋದು, ಕರೆದ್ರೆ ಕೇಳಿಸದ ಹಾಗೆ ಇರೋದು." ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ನಂಗೆ ಜಗಳ ಆಡೋಕೂ ತ್ರಾಣ ಇಲ್ಲ ಕಣೆ. ಬೆಳಿಗ್ಗೆಯಿಂದ ನಿಂತು ನಿಂತು ಕಾಲು ನನ್ನದಲ್ಲ ಅನ್ನಿಸುತ್ತೆ. ಮನೆಗೆ ಹೋದ್ರೆ ಒಲೆ ಮುಂದೆ ಮತ್ತೆ ನಿಲ್ಲಬೇಕು. ಅದರ ಮೇಲೆ ಅವರ ಮುಖ ಬೇರೆ ನೋಡ್ಲಾ?"

"ಜಾಸ್ತಿ ಬಂದ್ರೆ ಒಲೆ ಮುಂದೆ ನಿಲ್ಲೋದೇ ಬೇಡವಲ್ಲ. ಅವನದೇ ರೂಲು."

"ಅವರು ಮಾಡಿದ ಅಡುಗೆ ತಿಂತೀಯಾ ನೀನು?" ಎಂದಳು.

ಅಜ್ಜಿ ಮಾತ್ರ ಬಿಡಲಿಲ್ಲ. ಅವಳು ಹಿಂದೆ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು, ಸಾಹೇಬರುಗಳನ್ನು ಹತ್ತಿರದಿಂದ ಕಂಡವಳು. ಸೊಸೆಗೆ ತಾನೇ ತರಬೇತಿ ಕೊಡುತ್ತೇನೆ ಎಂದು ಹಟ ಹಿಡಿದಳು. ಒಂದು ಸಂಜೆ ಬಟ್ಟೆ ಮಡಿಸುತ್ತಿದ್ದ ಅಮ್ಮನ ಎದುರು ಕುರ್ಚಿ ಎಳೆದುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ ಕೂತಳು.

"ಬನ್ನಿ, ಕೂತ್ಕೊಳ್ಳಿ. ಎಷ್ಟು ಸಂಬಳ ಬೇಕು ನಿಮಗೆ?"

"ಅತ್ತೆ, ಕೆಲಸ ಇದೆ."

"ಅತ್ತೆ ಅಲ್ಲ, ಮೇಡಂ. ಎಷ್ಟು ಬೇಕು?"

"ಒಂದು... ಐವತ್ತರ ಹತ್ತಿರ ಹತ್ತಿರ..."

"ಹತ್ತಿರ ಹತ್ತಿರ ಅಂದ್ರೆ ನಲವತ್ತೈದು ಕೊಟ್ಟು ಕಳಿಸ್ತೀನಿ. 'ಒಂದು' ಯಾಕೆ? ಕೆಳಗೆ ಯಾಕೆ ನೋಡ್ತೀಯಾ? ನನ್ನ ಮುಖ ನೋಡಿ ಹೇಳು. ಐವತ್ತು."

"ಐವತ್ತು," ಎಂದಳು ಅಮ್ಮ, ದಿಂಬಿನ ಕವರಿಗೆ.

"ಜೋರಾಗಿ!"

"ಐವತ್ತು!"

ನಾನು ಚಪ್ಪಾಳೆ ತಟ್ಟಿದೆ. ಅಮ್ಮ ನಿಜವಾಗಿ ನಾಚಿಕೊಂಡಳು, ಕೆನ್ನೆ ಕೆಂಪಾಯಿತು. ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಅಪ್ಪ ಬಂದು ಬೂಟಿನ ಲೇಸು ಬಿಚ್ಚುತ್ತಾ, "ಏನದು ಐವತ್ತು?" ಎಂದ.

"ಬಟ್ಟೆ ಎಣಿಸ್ತಿದ್ವಿ," ಎಂದಳು ಅಮ್ಮ.

ಅಪ್ಪ ನಂಬಲಿಲ್ಲ. ಆ ರಾತ್ರಿ ಎರಡು ತುತ್ತು ತಿಂದು ಎದ್ದ. ಹೊಟ್ಟೆ ಸರಿಯಿಲ್ಲ ಎಂದ. ಮರುದಿನವೂ ಹೊಟ್ಟೆ ಸರಿಯಿರಲಿಲ್ಲ. ಮೂರನೆಯ ದಿನ ಅಮ್ಮ ಅವನಿಗೆ ಮೆತ್ತಗೆ ಅನ್ನ ಬೇಯಿಸಿ ಕೊಟ್ಟಳು. ಅಜ್ಜಿಗೂ ಅದನ್ನೇ ಬಡಿಸಿದಳು, ಯಾಕೆಂದರೆ ಅಜ್ಜಿ ಒಂದು ವರ್ಷದಿಂದ ಮೆತ್ತಗಿನದು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ, ಬ್ರೆಡ್ಡು ಕೂಡ ಟೀಯಲ್ಲಿ ನೆನೆಸಿಯೇ ತಿನ್ನಬೇಕು. ಹಲ್ಲಿನ ಸೆಟ್ಟು ಮಾಡಿಸೋಣ ಎಂದರೆ, "ನಂಗೆ ಹಿಂಗೇ ರುಚಿ," ಎನ್ನುತ್ತಿದ್ದಳು.

ಸಂದರ್ಶನದ ದಿನ ಅಮ್ಮನ ಜೊತೆ ನಾನೂ ಹೊರಟೆ. ಬಾಗಿಲಲ್ಲಿ ಅಪ್ಪ ನಿಂತಿದ್ದ. ಅಮ್ಮನ ಭುಜದ ಮೇಲಿನ ನೂಲೊಂದನ್ನು ತೆಗೆದು, ಮೆತ್ತಗೆ, "ನಲವತ್ತು. ಮರೀಬೇಡ. ಕೈಗೆ ಬಂದಿದ್ದು ತಪ್ಪಿಹೋದೀತು," ಎಂದ. ಹಿಂದಿನಿಂದ ಅಜ್ಜಿ, "ಐವತ್ತು!" ಎಂದು ಕೂಗಿದಳು.

ಹೊಸ ಸೆಂಟರಿನಲ್ಲಿ ಗಾಜಿನ ಗೋಡೆಗಳು. ನನ್ನನ್ನು ಹೊರಗೆ ಕೂರಿಸಿದರು. ಒಳಗೆ ಕತ್ತರಿಸಿದ ಕೂದಲಿನ ಮ್ಯಾನೇಜರ್ ಮೇಡಂ ಎದುರು ಅಮ್ಮ ನೆಟ್ಟಗೆ ಕೂತಿದ್ದಳು. ಕೈಯಾಡಿಸುತ್ತಾ ಏನೋ ವಿವರಿಸಿದಳು, ಮೇಡಂ ತಲೆದೂಗಿದರು. ನೋಡುವುದಕ್ಕೆ ಅಮ್ಮನೇ ಅವರಿಗೆ ಪಾಠ ಹೇಳುವ ಹಾಗಿತ್ತು. ಆಮೇಲೆ ಮೇಡಂ ಏನೋ ಕೇಳಿದರು. ಅಮ್ಮನ ಕೈ ತೊಡೆಯ ಮೇಲಕ್ಕೆ ಇಳಿಯಿತು. ಅವಳು ಮೇಜನ್ನು ನೋಡುತ್ತಾ ತುಟಿ ಅಲ್ಲಾಡಿಸಿದಳು. ಮೇಡಂ ತಕ್ಷಣ ಎದ್ದು ನಿಂತು ಕೈ ಚಾಚಿದರು.

ಆ 'ತಕ್ಷಣ' ನೋಡಿದಾಗಲೇ ನನಗೆ ಗೊತ್ತಾಯಿತು.

"ಎಷ್ಟು ಅಂದೆ?" ಎಂದೆ, ಅವಳು ಹೊರಗೆ ಬಂದ ಕೂಡಲೇ.

"ಆಯ್ತು. ಒಂದನೇ ತಾರೀಕಿಂದ ಬನ್ನಿ ಅಂದ್ರು."

"ಅಮ್ಮಾ, ಎಷ್ಟು ಅಂದೆ?"

"ನಲವತ್ತು."

ಬೀದಿಯಲ್ಲಿ ನಿಂತು ಕಿರುಚಬೇಕು ಅನ್ನಿಸಿತು ನನಗೆ. "ಅಷ್ಟು ಹೇಳಿಕೊಟ್ರಲ್ಲಮ್ಮಾ, ಅಜ್ಜಿ, ನರ್ಸಕ್ಕ, ಎಲ್ಲರೂ!"

"ಬಾಯಿ ತನಕ ಬಂತು ಕಣೆ. ನಿಮ್ಮಪ್ಪನ ಮುಖ ಅಡ್ಡ ಬಂತು." ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. "ಆ ಮೇಡಂ ಒಂದು ಸಲಾನಾದ್ರೂ 'ಜಾಸ್ತಿ ಆಯ್ತು' ಅಂತ ಅಂತಾರೇನೋ ಅಂದ್ಕೊಂಡೆ. ಅನ್ನಲೇ ಇಲ್ಲ."

ಏನನ್ನೂ ನಾಳೆಗೆ ಇಡುವ ಸ್ವಭಾವ ಅವಳದಲ್ಲ. ಬಸ್ಸಿನಲ್ಲೇ ನರ್ಸಿಂಗ್ ಹೋಮಿನ ಡಾಕ್ಟರಿಗೆ ಫೋನು ಮಾಡಿ, ಈ ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಹೇಳಿದಳು. ಅಷ್ಟು ವರ್ಷ ದುಡಿಸಿಕೊಂಡ ಆ ಮಹಾನುಭಾವ, "ಹೌದಾ, ಒಳ್ಳೇದಾಗ್ಲಿ. ನನ್ನ ಹತ್ರ ಒಬ್ಬ ಹುಡುಗ ಕೆಲಸ ಕೇಳ್ಕೊಂಡು ಬಂದಿದ್ದಾನೆ, ಅವನನ್ನೇ ಹಾಕ್ಕೋತೀನಿ," ಎಂದ.

ಸಂಜೆ ಅಪ್ಪ ಸಿಹಿಯ ಡಬ್ಬ ಹಿಡಿದು ಬಂದ. ಹೊಟ್ಟೆ ಪೂರ್ತಿ ಸರಿಯಾಗಿತ್ತು. "ನಾನು ಹೇಳಿರ್ಲಿಲ್ವಾ? ನಲವತ್ತು ಅಂದ್ರೆ ಕಣ್ಣು ಮುಚ್ಚಿ ಒಪ್ತಾರೆ ಅಂತ!" ಎಂದು ಎಲ್ಲರಿಗೂ ಒಂದೊಂದು ಹಂಚಿದ. ಅಜ್ಜಿ ಅದನ್ನು ಮುಟ್ಟಲಿಲ್ಲ.

"ನಲವತ್ತು ಅಂದ್ಯಾ?" ಎಂದು ಅಮ್ಮನನ್ನು ಕೇಳಿದಳು.

"ಹೂಂ ಅತ್ತೆ."

"ಯಾಕೆ?"

"ಇರ್ಲಿ ಬಿಡಿ. ಇವರಿಗಿಂತ ಎರಡು ಕಡಿಮೆ ಇದ್ರೆ ಮನೇಲಿ ನೆಮ್ಮದಿಯಾದ್ರೂ ಇರುತ್ತೆ."

"ಯಾರಿಗಿಂತ ಎರಡು ಕಡಿಮೆ?" ಅಜ್ಜಿಯ ದನಿ ಏರಿತು. "ಏನೋ, ಕೇಳಿಸ್ತೇನೋ? ನಿನಗಿಂತ ಎರಡು ಕಡಿಮೆಯಂತೆ! ನೀನು ಹೇಳ್ತೀಯೋ ನಾನು ಹೇಳ್ಲೋ?"

"ಅಮ್ಮಾ, ಸುಮ್ನಿರು," ಎಂದ ಅಪ್ಪ. ಮೇಜಿನ ಕೆಳಗೆ ಕಾಲು ಬಲವಾಗಿ ಒತ್ತುತ್ತಿತ್ತು.

"ಇಷ್ಟು ದಿನ ಸುಮ್ನಿದ್ದಿದ್ದೇ ತಪ್ಪಾಯ್ತು. ಬಾಯಲ್ಲಿ ಹಲ್ಲಿಲ್ಲ ನಂಗೆ, ನಾಲಿಗೆ ಇದೆ." ಅಜ್ಜಿ ಅಮ್ಮನ ಕಡೆ ತಿರುಗಿದಳು. "ಒಂದೂವರೆ ವರ್ಷ ಆಯ್ತು ಕಣಮ್ಮಾ, ಇವನಿಗೆ ತಿಂಗಳ ಸಂಬಳ ಅನ್ನೋದೇ ಇಲ್ಲ. ಕಲಿಯೋಕೆ ಎಷ್ಟು ಜನ ಬರ್ತಾರೋ ಅಷ್ಟಕ್ಕೆ ಕಾಸು ಅಂತ ಸ್ಕೂಲಿನ ಯಜಮಾನ ಹೇಳಿಬಿಟ್ಟ. ಪ್ರತಿ ತಿಂಗಳು ನಿನ್ನ ಮುಂದೆ ಎಣಿಸಿ ಇಡ್ತಾನಲ್ಲ ಮನೆ ಖರ್ಚಿಗೆ, ಅದರಲ್ಲಿ ಅರ್ಧ ನನ್ನ ಪಿಂಚಣಿ. ಹಲ್ಲಿನ ಸೆಟ್ಟಿಗೆ ಅಂತ ಎತ್ತಿಟ್ಟಿದ್ದೂ ಅದಕ್ಕೇ ಹೋಯ್ತು. ಇನ್ನು ನನ್ನ ಕೈಲಿ ಆಗಲ್ಲ. ಅದಕ್ಕೇ ಕಣೆ ನಾನು ಐವತ್ತು, ಅರವತ್ತು ಅಂತ ಬಡ್ಕೊಂಡಿದ್ದು!"

ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಹೆಣಗುತ್ತಿದ್ದರು. ಅದು ಸ್ಟಾರ್ಟ್ ಆಗಿ ಹೋದ ಮೇಲೆ ಅಮ್ಮ ಅಪ್ಪನ ಕಡೆ ತಿರುಗಿದಳು.

"ಹೋದ ಹರಾಜಲ್ಲಿ ನಲವತ್ತೆರಡು ಅಂದ್ರಲ್ಲ. ಆಗ್ಲೇನಾ?"

ಅಪ್ಪ ಹೌದೆಂದು ತಲೆಯಾಡಿಸಿದ.

"ಮೂವತ್ತಕ್ಕಿಂತ ಕಡಿಮೆನಾ ಬರ್ತಿರೋದು?"

ಅದಕ್ಕೂ ತಲೆಯಾಡಿಸಿದ.

"ಹಂಗಾದ್ರೆ ನಂದೇ ಜಾಸ್ತಿ ಇತ್ತು."

ಅಪ್ಪ ಸಿಹಿಯ ಡಬ್ಬದ ಮುಚ್ಚಳ ಹಾಕಿದ.

"ಅಡುಗೆ ಮಾಡೋಕೆ ಹೆದರಿ ಅಲ್ಲ ಕಣೆ," ಎಂದ ಅಪ್ಪ. ಅವನ ದನಿ ಎಲ್ಲೋ ಒಳಗಿನಿಂದ ಬರುತ್ತಿತ್ತು. "ಆ ರೂಲು ನಾನೇ ಮಾಡಿದ್ದು. ಇಷ್ಟು ವರ್ಷ ಅದನ್ನೇ ಹೇಳ್ಕೊಂಡು ಕೂತು ತಿಂದೆ. ಈಗ ಯಾವ ಬಾಯಲ್ಲಿ ನಂದು ಇಳೀತು ಅಂತ ಹೇಳ್ಲಿ? ಮುಂದಿನ ತಿಂಗಳು ಸರಿಹೋಗುತ್ತೆ, ಮುಂದಿನ ತಿಂಗಳು ಸರಿಹೋಗುತ್ತೆ ಅಂತ..."

"ಇಳೀತು ಅಂದಿದ್ರೆ ಇಳೀತು ಅಷ್ಟೆ. ನಾನೇನು ನಿಮ್ಮನ್ನ ಮನೆಯಿಂದ ಆಚೆಗೆ ಹಾಕ್ತಿದ್ನಾ?" ಅಮ್ಮ ಎದ್ದು ನಿಂತಳು. ಅವಳು ಜೋರಾಗಿ ಮಾತಾಡಲಿಲ್ಲ. "ನಿಮಗೆ ಕಡಿಮೆ ಬಂತು ಅಂತ ಸಿಟ್ಟಿಲ್ಲ ನಂಗೆ. ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು, ಎಲ್ಲ ಗೊತ್ತಿದ್ದೂ, ನಲವತ್ತು ಮರೀಬೇಡ ಅಂದ್ರಲ್ಲ! ಇಲ್ಲದ ನಲವತ್ತೆರಡಕ್ಕೆ ಹೆದರ್ಕೊಂಡು ನನ್ನ ಬೆಲೆ ನನ್ನ ಬಾಯಿಂದಲೇ ಇಳಿಸಿಬಿಟ್ಟೆ. ಅದು ಹೆಂಗ್ರೀ ನೋಡ್ಕೊಂಡು ನಿಂತಿದ್ರಿ?"

"ಐವತ್ತಾದ್ರೆ ನಾನು ಎಲ್ಲಿಗೆ ಹೋಗ್ಲಿ ಅನ್ನಿಸ್ತು," ಎಂದ ಅಪ್ಪ.

ಅಮ್ಮ ಆ ರಾತ್ರಿ ನನ್ನ ಕೋಣೆಯಲ್ಲಿ ಮಲಗಿದಳು.

ಬೆಳಿಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದ. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೂ ಹೋಗುತ್ತಿತ್ತು. ಉಪ್ಪು ಎಲ್ಲಿದೆ ಎಂದು ಕೇಳಲು ಧೈರ್ಯ ಸಾಲದೆ ಒಂದೊಂದೇ ಡಬ್ಬಿ ತೆಗೆದು ನೆಕ್ಕಿ ನೋಡುತ್ತಿದ್ದ. ಅಮ್ಮ ಅವನನ್ನು ದಾಟಿ ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ಆಮೇಲೆ ನಡುಮನೆಯಲ್ಲಿ ಕೂತು ಮ್ಯಾನೇಜರ್ ಮೇಡಂಗೆ ಫೋನು ಮಾಡಿದಳು. ಅಭ್ಯಾಸಬಲದಿಂದ ಸ್ಪೀಕರಿನಲ್ಲೇ.

"ಮೇಡಂ, ಸಂಬಳದ ವಿಷಯ. ನಾನು ಐವತ್ತು ಕೇಳಬೇಕಿತ್ತು."

"ನೀವೇ ತಾನೆ ನಲವತ್ತು ಅಂದಿದ್ದು?" ಮೇಡಂಗೆ ಆಶ್ಚರ್ಯವಾಗಿತ್ತು. "ಮೇಲಿನವರಿಗೆ ಆಗ್ಲೇ ಹೇಳಿಬಿಟ್ಟಿದ್ದೀನಲ್ಲ."

"ಹೌದು, ನಾನೇ ಅಂದಿದ್ದು. ತಪ್ಪು ಹೇಳಿದೆ. ನೀವು ಎಷ್ಟರವರೆಗೆ ಕೊಡಬೇಕು ಅಂತ ಇದ್ರಿ?"

ಮೇಡಂ ದನಿ ತಗ್ಗಿಸಿ, "ಐವತ್ತೆರಡರವರೆಗೆ. ಈಗ ಹೇಳಿ ಏನು ಪ್ರಯೋಜನ?" ಎಂದರು. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ನಿಂತಿತು.

"ನಲವತ್ತಕ್ಕೆ ನಾನು ಬರೋಕಾಗಲ್ಲ ಮೇಡಂ."

"ಕೇಳಿ ನೋಡ್ತೀನಿ. ಆದ್ರೆ ಹಿಂಗೆ ಮಾತು ಬದಲಾಯಿಸಿದ್ರೆ ಅವರು ಬೇರೆಯವರನ್ನ ನೋಡಿದ್ರೂ ನೋಡಬಹುದು. ಆಮೇಲೆ ನನ್ನ ಬೈಬೇಡಿ."

ಫೋನು ಇಟ್ಟ ಮೇಲೆ ಅಮ್ಮ ಗೋಡೆಗೆ ಒರಗಿ ಕೂತಳು. ಹಳೆಯ ಕೆಲಸಕ್ಕೆ ಹುಡುಗ ಬಂದಾಗಿತ್ತು. ಹೊಸ ಕೆಲಸವನ್ನು ಅವಳೇ ಕೈಯಾರೆ ತಳ್ಳಿದ ಹಾಗಾಗಿತ್ತು. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಹೆದರಿಕೆಯೂ ಆಯಿತು.

ಆಮೇಲಿನ ದಿನಗಳು ಎಳೆದ ಹಾಗೆ ಉದ್ದವಾದವು. ಅಮ್ಮ ಬೆಳಿಗ್ಗೆ ಹೋಗಿ ಆ ಹೊಸ ಹುಡುಗನಿಗೆ ಕೆಲಸ ಕಲಿಸುತ್ತಿದ್ದಳು, ಸಂಜೆ ಬಂದು ಕೂತುಬಿಡುತ್ತಿದ್ದಳು. ಅಪ್ಪ ಎರಡು ಹೊತ್ತೂ ಅಡುಗೆ ಮಾಡಿದ. ಒಂದು ದಿನ ಅನ್ನ ಅಂಟು, ಒಂದು ದಿನ ಕಾಳಿನ ಹಾಗೆ ಬಿಡಿ ಬಿಡಿ. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, "ಇದಕ್ಕೆ ಹಲ್ಲಿದ್ದೂ ಉಪಯೋಗ ಇಲ್ಲ ಬಿಡು," ಎಂದಳು. ನಾನು ನಕ್ಕೆ. ಅಮ್ಮ ನಗಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ತಿಂದು, ತಟ್ಟೆ ತೊಳೆಯದೆ ಇಟ್ಟು ಹೋಗಿ ಮಲಗಿದಳು.

ನರ್ಸಕ್ಕ ಒಂದು ಸುದ್ದಿ ತಂದಳು. ಯಾರೋ ಒಬ್ಬನನ್ನು ಕರೆಸಿ ಮಾತಾಡಿದ್ದಾರಂತೆ, ಹೊಸಬ, ಮೂವತ್ತೈದಕ್ಕೂ ಬರಲು ತಯಾರಂತೆ. ಅಂದು ರಾತ್ರಿ ಅಪ್ಪ ಬಡಿಸುತ್ತಾ, ಹೆದರಿ ಹೆದರಿ, "ನಲವತ್ತಕ್ಕೇ ಹೂಂ ಅಂದ್ಬಿಡು," ಎಂದ. "ನನ್ನ ಮುಖ ನೋಡಬೇಡ. ಮನೆ ನಡೀಬೇಕಲ್ಲ."

ಅಮ್ಮ ಅವನನ್ನು ನೋಡಿದಳು, ಅನ್ನಕ್ಕೆ ಕೈ ಹಾಕಿದಳು.

ತಿಂಗಳ ಕೊನೆ ಹತ್ತಿರ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ, ನಾವೆಲ್ಲ ಮನೆಯಲ್ಲಿದ್ದಾಗ, ಫೋನು ಬಂತು. ಮೇಡಂ ನಂಬರು. ಅಪ್ಪ ಸೌಟು ಹಿಡಿದೇ ಓಡಿಬಂದ, ಅಜ್ಜಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು, ನಾನು ಸ್ಪೀಕರ್ ಹಾಕಲು ಬೆರಳು ಚಾಚಿದೆ. ಅಮ್ಮ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾವು ಮೂವರೂ ಬಾಗಿಲ ಗಾಜಿಗೆ ಮುಖ ಒತ್ತಿ ನಿಂತೆವು. ಒಣಹಾಕಿದ ಬೆಡ್‌ಶೀಟಿನ ಪಕ್ಕ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ತಲೆ ಅಲ್ಲಾಡಿಸ್ತಾಳಲ್ಲೇ. ಬೇಡ ಅಂತಿದ್ದಾಳಾ?" ಎಂದಳು ಅಜ್ಜಿ.

"ಸುಮ್ನಿರಜ್ಜಿ, ಕೇಳಿಸಲ್ಲ."

ಅಮ್ಮ ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಏನೋ ಹೇಳಿದಳು, ಚಿಕ್ಕ ಮಾತು. ಮತ್ತೆ ಕೇಳಿಸಿಕೊಂಡಳು. ಮತ್ತೆ ಅದೇ ಚಿಕ್ಕ ಮಾತು. ಫೋನು ಇಳಿಸಿದ ಮೇಲೂ ಕಂಬಿ ಹಿಡಿದು ಅಲ್ಲೇ ನಿಂತಿದ್ದಳು. ಕೊನೆಗೆ ಒಳಗೆ ಬಂದು ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು.

"ಒಂದನೇ ತಾರೀಕಿಂದ ಬನ್ನಿ ಅಂದ್ರು."

"ಎಷ್ಟಕ್ಕೆ?" ಮೂವರೂ ಒಟ್ಟಿಗೇ ಕೇಳಿದೆವು.

"ಒಪ್ಪಿಗೆ ಆಗೋವಷ್ಟಕ್ಕೆ."

"ಐವತ್ತಾ?" ಎಂದೆ. "ಐವತ್ತೆರಡಾ? ಮಧ್ಯದಲ್ಲಾ? ಹೇಳಮ್ಮಾ!"

"ಹೇಳಲ್ಲ."

"ಹೇಳಲ್ಲ ಅಂದ್ರೆ?" ಎಂದಳು ಅಜ್ಜಿ. "ನನಗಾದ್ರೂ ಹೇಳೇ."

"ನಿಮ್ಮ ಹಲ್ಲಿನ ಸೆಟ್ಟು ನಾನು ಮಾಡಿಸ್ತೀನಿ ಅತ್ತೆ. ಮನೆ ಖರ್ಚು ಎಷ್ಟು ಅಂತ ಎಲ್ಲರೂ ಕೂತು ಮಾತಾಡೋಣ, ನನ್ನ ಪಾಲು ನಾನು ಕೊಡ್ತೀನಿ. ಸಂಬಳ ಎಷ್ಟು ಅನ್ನೋದು ನನ್ನ ಹತ್ರ ಇರುತ್ತೆ. ಇನ್ನು ಮೇಲೆ ಈ ಮನೇಲಿ ಹರಾಜಿಲ್ಲ."

ಅಪ್ಪ ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ನನ್ನದಕ್ಕಿಂತ ಜಾಸ್ತಿ ತಾನೆ?" ಎಂದ. "ಅಷ್ಟಾದ್ರೂ ಹೇಳು."

ಅಮ್ಮ ಕಣ್ಣೆತ್ತಿ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ, ಸುಸ್ತಾಗಿತ್ತು ಅಷ್ಟೆ.

"ನಿಮ್ಮದು ಎಷ್ಟು ಅಂತ ನೀವು ನಂಗೆ ಇನ್ನೂ ಹೇಳೇ ಇಲ್ವಲ್ರೀ."

ಹೌದಲ್ಲ ಎಂದು ನನಗೂ ಆಗಲೇ ಹೊಳೆದದ್ದು. ಅಂದು ಎಲ್ಲವನ್ನೂ ಹೇಳಿದವಳು ಅಜ್ಜಿ. ಅಪ್ಪ ಬರೀ ತಲೆಯಾಡಿಸಿದ್ದ. ಈಗ ಅವನು ಬಾಯಿ ತೆರೆದ, ಮುಚ್ಚಿದ, ನನ್ನ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ. ನಾವಿಬ್ಬರೂ ನೆರವಿಗೆ ಹೋಗಲಿಲ್ಲ.

"ಈ ತಿಂಗಳು ಇಪ್ಪತ್ತಮೂರು," ಎಂದ.

ಅಮ್ಮ ಸರಿ ಎಂಬಂತೆ ತಲೆಯಾಡಿಸಿದಳು. ತನ್ನದನ್ನು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.